ವೈನ್ ಕುಡಿಯುವವರು ಕಡಿಮೆಯಾದರೂ ಭೋಸರಿಯಲ್ಲಿ ಕಾರ್ಕ್ ಯಾಕೆ ತುಟ್ಟಿ? ಒಂದು ಗ್ಯಾಸ್ಕೆಟ್ ಕಾರ್ಖಾನೆಯ ಪ್ರಕರಣ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟ್ರಾನ್ಸ್‌ಫಾರ್ಮರ್‌ಗಳಿಗೆ ಕಾರ್ಕ್ ಗ್ಯಾಸ್ಕೆಟ್ (ಎಣ್ಣೆ ಸೋರದಂತೆ ಮುಚ್ಚಳದ ಕೆಳಗೆ, ಜೋಡಣೆಗಳ ನಡುವೆ ಹಾಕುವ ಪಟ್ಟಿ) ಮಾಡುವ ಒಂದು ಸಣ್ಣ ಕಾರ್ಖಾನೆ ಇದೆ. ಮಾಲೀಕರು ವಿಜಯಪುರ ಜಿಲ್ಲೆಯವರು. ಕೆಲಸಗಾರರಿಂದ ಹಿಡಿದು ಟೆಂಪೋ ಓಡಿಸುವ ಹುಡುಗನವರೆಗೆ ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುತ್ತಾರೆ. ಎಂಜಿನಿಯರಿಂಗ್ ಓದಿದ ಅಣ್ಣನ ಮಗ ಈಗ ಉತ್ಪಾದನೆ ನೋಡಿಕೊಳ್ಳುತ್ತಾನೆ. ಇಂಥ ಸಣ್ಣ ಕಾರ್ಖಾನೆಗಳ ಕಾಸ್ಟಿಂಗ್, ಅಂದರೆ ಖರ್ಚಿನ ಲೆಕ್ಕ, ಮಾಡಿಕೊಡುವುದು ನನ್ನ ಕೆಲಸ. 2025ರ ಕೊನೆಯಲ್ಲಿ ಕಾಕಾ ನನ್ನನ್ನು ಕರೆಸಿದ್ದು ಒಂದೇ ಪ್ರಶ್ನೆಗೆ: ಆರ್ಡರ್ ಕಡಿಮೆಯಾಗಿಲ್ಲ, ಮಷಿನ್ ನಿಂತಿಲ್ಲ, ಆದರೂ ದುಡ್ಡು ಉಳಿಯುತ್ತಿಲ್ಲ, ಯಾಕೆ?

ಅವರ ನಿಜವಾದ ಅಂಕಿಗಳನ್ನು ಇಲ್ಲಿ ಹಾಕುವುದಿಲ್ಲ. ಒಂದು ಟ್ರಾನ್ಸ್‌ಫಾರ್ಮರ್‌ಗೆ ಬೇಕಾದ ಒಂದು ಸೆಟ್ ಗ್ಯಾಸ್ಕೆಟ್‌ಗೆ 2023ರಲ್ಲಿ ತಗಲುತ್ತಿದ್ದ ಖರ್ಚನ್ನು 100 ರೂಪಾಯಿ ಅಂತ ಹಿಡಿದು, ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ಅದರಲ್ಲಿ ಕಾರ್ಕ್‌ನದ್ದು 35, ನೈಟ್ರೈಲ್ ರಬ್ಬರ್ 38, ಕೆಮಿಕಲ್ 7, ಕೂಲಿ, ಕರೆಂಟು, ಬಾಡಿಗೆ ಎಲ್ಲಾ ಸೇರಿ 20. ಮಾರುತ್ತಿದ್ದದ್ದು 110ಕ್ಕೆ. ಎರಡು ವರ್ಷದಲ್ಲಿ ರಬ್ಬರ್ ಹೆಚ್ಚುಕಮ್ಮಿ ಅಲ್ಲೇ ನಿಂತಿತು. ಕಾರ್ಕ್ ಮಾತ್ರ 35ರಿಂದ 47ಕ್ಕೆ ಹೋಯಿತು. ಖರ್ಚು 112, ಮಾರಾಟ ಅದೇ 110. ಪ್ರತಿ ಸೆಟ್‌ಗೂ 2 ರೂಪಾಯಿ ಕೈಯಿಂದ ಹೋಗುತ್ತಿತ್ತು.

ಮಾರಾಟದ ರೇಟು ಏರಿಸಬಹುದಿತ್ತಲ್ವಾ? ಅಷ್ಟು ಸುಲಭವಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಮಾಡುವವರು ವಿದ್ಯುತ್ ವಿತರಣಾ ಕಂಪನಿಗಳ ಟೆಂಡರ್ ಮೇಲೆ ಬದುಕುತ್ತಾರೆ. ಬೆಲೆ ಬದಲಾವಣೆಗೆ ಅವಕಾಶ ಇರುವ ಟೆಂಡರ್‌ಗಳಲ್ಲಿ ವಿದ್ಯುತ್ ಉಪಕರಣ ತಯಾರಕರ ಸಂಘವಾದ ಐಇಇಎಂಎಯ ಸೂತ್ರ ಬಳಸುತ್ತಾರೆ. ಅದರಲ್ಲಿ ತಾಮ್ರ ಇದೆ, ಕೋರ್ ಸ್ಟೀಲ್ ಇದೆ, ಟ್ಯಾಂಕಿನ ಉಕ್ಕು, ಇನ್ಸುಲೇಷನ್, ಎಣ್ಣೆ, ಕೂಲಿ ಎಲ್ಲಾ ಇವೆ. ಗ್ಯಾಸ್ಕೆಟ್ ಇಲ್ಲ. ಇಡೀ ಟ್ರಾನ್ಸ್‌ಫಾರ್ಮರ್‌ನ ಬೆಲೆಯಲ್ಲಿ ಅದರ ಪಾಲು ಅಷ್ಟು ಸಣ್ಣದು. ತಾಮ್ರ ಏರಿದರೆ ಗಿರಾಕಿಗೆ ಮೇಲಿನಿಂದ ದುಡ್ಡು ಬರುತ್ತದೆ, ಕಾರ್ಕ್ ಏರಿದರೆ ಬರುವುದಿಲ್ಲ. ಹಾಗಾಗಿ ಪರ್ಚೇಸ್ ಸಾಹೇಬರು ವರ್ಷಕ್ಕೊಂದು ರೇಟು ಅಂತ ಬರೆಸಿಕೊಂಡು ಕೂತಿದ್ದರು.

ಕಾಕಾ ಪೇಪರ್ ಓದುವ ಮನುಷ್ಯ. ನನ್ನ ಮುಂದೆ ಇಟ್ಟ ವಾದ ಹೀಗಿತ್ತು: "ಜಗತ್ತಿನಾಗ ವೈನ್ ಕುಡಿಯೋರು ಕಡಿಮಿ ಆಗ್ಯಾರಂತ. ಹಂಗಾದ್ರ ಬಾಟಲಿ ಕಡಿಮಿ, ಬಿರಡಿ ಕಡಿಮಿ. ಕಾರ್ಕ್ ಉಳೀಬೇಕು, ರೇಟ್ ಇಳೀಬೇಕು. ನಮಗ್ಯಾಕ ತುಟ್ಟಿ ಆತ್ರಿ? ಆ ಮುಂಬೈ ಶೇಠ್ ಟೋಪಿ ಹಾಕಾಕತ್ಯಾನೇನು?"

ಮೊದಲ ಅರ್ಧ ನಿಜ. ಅಂತರರಾಷ್ಟ್ರೀಯ ವೈನ್ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನ ವೈನ್ ಬಳಕೆ ಸುಮಾರು 2,140 ಕೋಟಿ ಲೀಟರ್. 1961ರ ನಂತರ ಇಷ್ಟು ಕೆಳಗೆ ಇಳಿದಿರಲಿಲ್ಲ. ಎರಡನೇ ಅರ್ಧ ಸರಿಯೋ ತಪ್ಪೋ ನೋಡಲು ಮರದ ಬುಡದಿಂದಲೇ ಶುರು ಮಾಡಬೇಕಾಯಿತು.

ಮರದ ಲೆಕ್ಕ

ಕಾರ್ಕ್ ಅನ್ನುವುದು ಒಂದು ಜಾತಿಯ ಓಕ್ ಮರದ ತೊಗಟೆ. ಮರ ಕಡಿಯುವುದಿಲ್ಲ, ತೊಗಟೆ ಮಾತ್ರ ಸುಲಿಯುತ್ತಾರೆ, ಅದು ಮತ್ತೆ ಬೆಳೆಯುತ್ತದೆ. ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗದಲ್ಲಷ್ಟೇ ಇದರ ಕಾಡುಗಳಿವೆ: ಪೋರ್ಚುಗಲ್, ಸ್ಪೇನ್, ಮೊರಾಕ್ಕೊ, ಅಲ್ಜೀರಿಯ, ಟುನೀಶಿಯ, ಇಟಲಿ, ಫ್ರಾನ್ಸ್. ಎಲ್ಲಾ ಸೇರಿ ಸುಮಾರು 21 ಲಕ್ಷ ಹೆಕ್ಟೇರ್. ಕಾಡಿನ ಮೂರನೇ ಒಂದು ಪಾಲು ಪೋರ್ಚುಗಲ್‌ನಲ್ಲಿದೆ, ಆದರೆ ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧ ಅಲ್ಲಿಂದಲೇ ಬರುತ್ತದೆ.

ಸಸಿ ನೆಟ್ಟ ಮೇಲೆ ಮೊದಲ ಸುಲಿತಕ್ಕೆ ಸುಮಾರು 25 ವರ್ಷ ಕಾಯಬೇಕು. ಆಗ ಸಿಗುವ ತೊಗಟೆ ಒರಟು, ಬಿರುಕು ಬಿರುಕು. ಬಿರಡೆಗೆ ಬಾರದು. ಮತ್ತೆ 9 ವರ್ಷ ಬಿಟ್ಟು ಎರಡನೇ ಸುಲಿತ. ಅದೂ ಸಾಲದು. ಇನ್ನೊಂದು 9 ವರ್ಷ ಬಿಟ್ಟು, ಮರಕ್ಕೆ 43ರ ಸುಮಾರು ಆದಾಗ, ಮೂರನೇ ಸುಲಿತದಲ್ಲಿ ನಯವಾದ ತೊಗಟೆ ಸಿಗುತ್ತದೆ. ಒಳ್ಳೆಯ ವೈನಿಗೆ ಹಾಕುವ ಇಡೀ ತುಂಡಿನ ಬಿರಡೆ ಆಗುವುದು ಇದರಿಂದ. 2025ರಲ್ಲಿ ನೆಟ್ಟ ಮರದ ಬಿರಡೆ ಬಾಟಲಿಗೆ ಹೋಗುವುದು 2068ಕ್ಕೆ. ನೆಟ್ಟವನ ಮೊಮ್ಮಕ್ಕಳು ಮಾರುತ್ತಾರೆ.

ಒಂದು ಸುಲಿತದಿಂದ ಇನ್ನೊಂದಕ್ಕೆ ಕನಿಷ್ಠ 9 ವರ್ಷ ಬಿಡಬೇಕು ಅಂತ ಪೋರ್ಚುಗಲ್‌ನಲ್ಲಿ ಕಾನೂನೇ ಇದೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. 5 ಅಂತ ಬರೆದಿದ್ದರೆ 2025ರಲ್ಲಿ ಸುಲಿದದ್ದು, 2034ರವರೆಗೆ ಮುಟ್ಟುವ ಹಾಗಿಲ್ಲ. ಅನುಮತಿ ಇಲ್ಲದೆ ಮರ ಕಡಿಯುವುದೂ ಅಪರಾಧ. 2011ರಲ್ಲಿ ಇದನ್ನು ರಾಷ್ಟ್ರೀಯ ಮರ ಅಂತಲೂ ಘೋಷಿಸಿದರು.

ಸುಲಿಯುವ ಕೆಲಸ ಇವತ್ತಿಗೂ ಹೆಚ್ಚಾಗಿ ಕೊಡಲಿಯದ್ದು. ಮೇ ಮಧ್ಯದಿಂದ ಆಗಸ್ಟ್‌ವರೆಗೆ, ಒಳಗಿನ ಪದರ ಸಡಿಲವಾಗಿರುವಾಗ ಮಾತ್ರ. ಕೊಡಲಿ ಸ್ವಲ್ಪ ಆಳಕ್ಕೆ ಹೋದರೆ ಜೀವಪದರಕ್ಕೆ ಪೆಟ್ಟಾಗಿ, ಆ ಜಾಗದಲ್ಲಿ ಮುಂದೆ ಒಳ್ಳೆಯ ಕಾರ್ಕ್ ಬರುವುದಿಲ್ಲ. ಹಾಗಾಗಿ ಪಳಗಿದ ಕೈಗೆ ತುಂಬಾ ಬೆಲೆ. ಯುರೋಪಿನ ಕೃಷಿ ಕೂಲಿಗಳಲ್ಲೇ ಜಾಸ್ತಿ ದಿನಗೂಲಿ ಇವರದ್ದು ಅಂತಾರೆ.

ಈ ಎಲ್ಲದರಿಂದ ಭೋಸರಿಗೆ ಬೇಕಾದ ವಿಷಯ ಒಂದು. ಬೆಲೆ ಏರಿತು ಅಂತ ಈ ವರ್ಷ ಹೆಚ್ಚು ಸುಲಿಯಲು ಆಗುವುದಿಲ್ಲ. ಇಳಿಯಿತು ಅಂದರೆ ಮಾತ್ರ ಮರದ ಯಜಮಾನ ಒಂದೆರಡು ವರ್ಷ ಸುಮ್ನೆ ಇರಬಹುದು, ತೊಗಟೆ ಕೊಳೆಯುವುದಿಲ್ಲ, ಇನ್ನಷ್ಟು ದಪ್ಪವಾಗುತ್ತದೆ. ಅಂದರೆ ಮಾಲು ಹಠಾತ್ತಾಗಿ ಹೆಚ್ಚಾಗಲಾರದು, ಆದರೆ ಕಡಿಮೆಯಾಗಬಹುದು.

ಚೂರಿಗೂ ಗಿರಾಕಿ ಬಂದಾಗ

ಸುಲಿದ ಹಲಗೆಗಳನ್ನು ಆರು ತಿಂಗಳಷ್ಟು ಕಾಲ ಬಯಲಲ್ಲಿ ಪೇರಿಸಿಡುತ್ತಾರೆ. ಆಮೇಲೆ ನೀರಲ್ಲಿ ಕುದಿಸಿ, ಚಪ್ಪಟೆ ಮಾಡಿ, ದಪ್ಪ ಮತ್ತು ಗುಣ ನೋಡಿ ಬೇರೆ ಮಾಡುತ್ತಾರೆ. ದಪ್ಪ ಹಲಗೆಯಿಂದ ಬಿರಡೆಗಳನ್ನು ಪಂಚ್ ಮಾಡುತ್ತಾರೆ. ತೆಳುವಾದದ್ದರಿಂದ ಶಾಂಪೇನ್ ಬಿರಡೆಯ ತುದಿಗೆ ಅಂಟಿಸುವ ಬಿಲ್ಲೆ. ತೂಕದಲ್ಲಿ ನೋಡಿದರೆ ಬಂದ ಕಾರ್ಕ್‌ನಲ್ಲಿ ಸುಮಾರು ಕಾಲು ಭಾಗ ಮಾತ್ರ ಬಿರಡೆಯಾಗುತ್ತದೆ. ಆದರೆ ಈ ಉದ್ಯಮಕ್ಕೆ ಬರುವ ದುಡ್ಡಿನಲ್ಲಿ ಎಲ್ಲಾ ಬಗೆಯ ಬಿರಡೆಗಳ ಪಾಲು ಸುಮಾರು ಮುಕ್ಕಾಲು. ಪಂಚ್ ಮಾಡಿ ಉಳಿದ ತೂತು ಹಲಗೆ, ಒಡಕು, ಮೊದಲ ಸುಲಿತದ ಒರಟು ತೊಗಟೆ ಎಲ್ಲವನ್ನೂ ಅರೆದು, ಜರಡಿ ಹಿಡಿದು ಹರಳು ಮಾಡುತ್ತಾರೆ. ಭೋಸರಿಯಲ್ಲಿ ಇದನ್ನು ಎಲ್ಲರೂ ದಾಣಾ ಅನ್ನುತ್ತಾರೆ. ಕಾಕಾ ಕೊಳ್ಳುವುದು ಈ ದಾಣಾ. ಅದನ್ನು ರಬ್ಬರ್ ಜೊತೆ ಬೆರೆಸಿ, ಅಚ್ಚಿನಲ್ಲಿ ಶೀಟ್ ಮಾಡಿ, ಗ್ಯಾಸ್ಕೆಟ್ ಕತ್ತರಿಸುತ್ತಾರೆ.

ಈ ದಾಣಾಕ್ಕೆ ಒಂದು ಕಾಲದಲ್ಲಿ ಭಾರಿ ಗಿರಾಕಿ ಇತ್ತು. 1892ರಲ್ಲಿ ವಿಲಿಯಂ ಪೇಂಟರ್ ಅನ್ನುವವರು ಸೋಡಾ, ಬಿಯರ್ ಬಾಟಲಿಯ ತಗಡಿನ ಮುಚ್ಚಳಕ್ಕೆ ಪೇಟೆಂಟ್ ಪಡೆದರು. ಅದರೊಳಗೆ ಒಂದು ತೆಳು ಕಾರ್ಕ್ ಬಿಲ್ಲೆ ಇರುತ್ತಿತ್ತು. ಅದೇ ಕಾಲಕ್ಕೆ ಅಮೆರಿಕದಲ್ಲಿ ಕಾರ್ಕ್ ದಾಣಾವನ್ನು ಬಿಸಿ ಮಾಡಿದರೆ ಅಂಟಿಲ್ಲದೆಯೇ ಹಲಗೆಯಾಗುತ್ತದೆ ಅಂತ ಗೊತ್ತಾಯಿತು, ಕೋಲ್ಡ್ ಸ್ಟೋರೇಜ್‌ಗಳ ಗೋಡೆಗೆಲ್ಲ ಅದು ಹೋಯಿತು. ಆಮೇಲೆ ಪ್ಲಾಸ್ಟಿಕ್ ಬಂತು. ಮುಚ್ಚಳದೊಳಗಿನ ಕಾರ್ಕ್ ಹೋಯಿತು, ಗೋಡೆಗೆ ಥರ್ಮೋಕೋಲ್ ಬಂತು. ದೊಡ್ಡ ಗಿರಾಕಿಗಳು ಬಿಟ್ಟುಹೋದ ಮೇಲೆ ದಾಣಾ ಬಿರಡೆ ಕಾರ್ಖಾನೆಯ ಉಳಿಕೆಯಾಗಿ ನಿಂತಿತು. ಅಗ್ಗವಾಗಿ ಸಿಗುತ್ತಿತ್ತು. ಗ್ಯಾಸ್ಕೆಟ್ ಮಾಡುವವರ ಒಳ್ಳೆಯ ದಿನಗಳು ಅವು.

ಪರಿಸ್ಥಿತಿ ಬದಲಾಗಿದ್ದು ಒಂದು ವಾಸನೆಯಿಂದ. ಕೆಲವು ವೈನ್ ಬಾಟಲಿ ತೆರೆದರೆ ಒದ್ದೆ ರಟ್ಟಿನ, ಮುಗ್ಗಲು ವಾಸನೆ ಬರುತ್ತದೆ. ಕಾರಣ ಟಿಸಿಎ ಅನ್ನುವ ರಾಸಾಯನಿಕ ಅಂತ 1980ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡ್‌ನ ಹಾನ್ಸ್ ಟ್ಯಾನರ್ ಮತ್ತು ಜೊತೆಗಾರರು ಗುರುತಿಸಿದರು. ಒಂದು ಲೀಟರ್‌ನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ವೈನ್ ಮಾಡುವವರು ಬೇಸತ್ತರು. 2000ದಲ್ಲಿ ಆಸ್ಟ್ರೇಲಿಯದ ಕ್ಲೇರ್ ಕಣಿವೆಯ ರೀಸ್ಲಿಂಗ್ ವೈನ್ ತಯಾರಕರು ಒಟ್ಟಾಗಿ ತಿರುಪಿನ ಮುಚ್ಚಳಕ್ಕೆ ಹೋದರು, ಮರುವರ್ಷ ನ್ಯೂಜಿಲೆಂಡ್‌ನವರು. ನಮ್ಮ ನಾಸಿಕದ ಬಾಟಲಿಗಳಲ್ಲೂ ಇವತ್ತು ತಿರುಪಿನ ಮುಚ್ಚಳವೇ ಜಾಸ್ತಿ ಕಾಣುತ್ತದೆ. ಪೋರ್ಚುಗಲ್‌ನ ಕಾರ್ಕ್ ರಫ್ತು ಕುಸಿಯುತ್ತಾ 2009ರಲ್ಲಿ ಸುಮಾರು 70 ಕೋಟಿ ಯೂರೊಗೆ ಬಂತು.

ಕಾರ್ಕ್‌ನವರು ಸುಮ್ಮನೆ ಕೂರಲಿಲ್ಲ. ದಾಣಾವನ್ನೇ ತೊಳೆಯಲು ಕಲಿತರು. ಫ್ರಾನ್ಸ್‌ನ ಡಿಯಾಂ ಕಂಪನಿ ಭಾರಿ ಒತ್ತಡದ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ದಾಣಾದೊಳಗಿನ ಟಿಸಿಎ ಎಳೆದು ತೆಗೆದು, ಆಮೇಲೆ ಅಂಟು ಸೇರಿಸಿ ಬಿರಡೆಯ ಆಕಾರಕ್ಕೆ ಒತ್ತಿತು. ಪೋರ್ಚುಗಲ್‌ನ ಕೊರ್ತಿಸೆಯ್ರಾ ಅಮೊರಿಂ, 1870ರಿಂದ ನಡೆದು ಬಂದ, ಈ ಉದ್ಯಮದ ಎಲ್ಲರಿಗಿಂತ ದೊಡ್ಡ ಕಂಪನಿ, ಅದೂ ತನ್ನದೇ ದಾರಿಗಳನ್ನು ಹುಡುಕಿತು. ಸಣ್ಣ ದಾಣಾದ ಬಿರಡೆ ಇಡೀ ತುಂಡಿನದ್ದಕ್ಕಿಂತ ಅಗ್ಗ, ಒಂದರ ಹಾಗೆ ಇನ್ನೊಂದು ಇರುತ್ತದೆ, ವಾಸನೆಯ ಭಯ ಇಲ್ಲ. ಸಾಧಾರಣ ಬೆಲೆಯ ವೈನ್‌ಗಳೆಲ್ಲ ಅದಕ್ಕೆ ತಿರುಗಿದವು. 2022ರ ಹೊತ್ತಿಗೆ ಪೋರ್ಚುಗಲ್‌ನ ರಫ್ತು 120 ಕೋಟಿ ಯೂರೊ ಮುಟ್ಟಿತ್ತು.

ಕಾಕಾನ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಿರಡೆಗೆ ಹೋಗುವ ಸಣ್ಣ ದಾಣಾ, ಗ್ಯಾಸ್ಕೆಟ್‌ಗೆ ಬೇಕಾದ ಸಣ್ಣ ದಾಣಾ, ಎರಡೂ ಒಂದೇ ಜರಡಿಯಿಂದ ಬರುತ್ತವೆ. ಮೊದಲು ಗ್ಯಾಸ್ಕೆಟ್‌ನವನು ಬಿರಡೆಯವನ ಉಳಿಕೆಗೆ ಗಿರಾಕಿಯಾಗಿದ್ದ. ಈಗ ಅವನ ಪಕ್ಕದಲ್ಲೇ ನಿಂತು ಅದೇ ಮಾಲಿಗೆ ರೇಟು ಕೂಗಬೇಕು. ಬಿರಡೆಯವನ ಕೈಯಲ್ಲಿ ಒಂದು ಕಿಲೋ ದಾಣಾ ನೂರಾರು ಬಾಟಲಿ ಮುಚ್ಚುತ್ತದೆ. ಅವನು ಕೊಡಬಲ್ಲ ಬೆಲೆ ಬೇರೆ.

ಕಾಕಾಗೆ ನಾನು ಊರಿನ ಉದಾಹರಣೆ ಕೊಟ್ಟೆ. ಶೇಂಗಾ ಗಾಣದಲ್ಲಿ ಎಣ್ಣೆ ಮಾರಾಟ ಕಮ್ಮಿಯಾದರೆ ಹಿಂಡಿ ಅಗ್ಗವಾಗುತ್ತದೆಯೇ? ಗಾಣ ಕಡಿಮೆ ತಿರುಗುತ್ತದೆ, ಹಿಂಡಿಯೂ ಕಡಿಮೆ ಬೀಳುತ್ತದೆ, ಎಮ್ಮೆ ಕಟ್ಟಿದವನಿಗೆ ತುಟ್ಟಿಯಾಗುತ್ತದೆ. ಇಡೀ ತುಂಡಿನ ಬಿರಡೆ ಕಡಿಮೆ ಪಂಚ್ ಆದರೆ ಪಂಚಿನ ಉಳಿಕೆಯೂ ಕಡಿಮೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ ಅನ್ನುವುದನ್ನೂ ಹೇಳಿದೆ. ಪಂಚ್‌ಗೆ ಹೋಗದ ಹಲಗೆಯನ್ನು ಸೀದಾ ಅರೆಯಲೂಬಹುದು. ಆದರೆ ಆಗ ಅದು ಉಳಿಕೆಯ ಬೆಲೆಗೆ ಸಿಗುವುದಿಲ್ಲ, ಹಲಗೆಯ ಬೆಲೆ ಕೇಳುತ್ತದೆ. ಕಾಕಾ ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರ ಹಿಂಡಿ ತಿನ್ನೋರು ಬ್ಯಾರೆ ಹುಟ್ಟ್ಯಾರ ಅನ್ರಿ" ಅಂದರು. ನಾನು ಇಷ್ಟುದ್ದ ಹೇಳಿದ್ದು ಅಷ್ಟೇ.

ಹನ್ನೆರಡು ರೂಪಾಯಿ ಎಲ್ಲಿಂದ ಬಂತು

ಮುಂಬೈಯ ನಾಗದೇವಿ ಸ್ಟ್ರೀಟ್‌ನ ವ್ಯಾಪಾರಿಯೊಬ್ಬರು ಪೋರ್ಚುಗಲ್‌ನಿಂದ ತರಿಸಿ ಇವರಿಗೆ ಕೊಡುತ್ತಾರೆ. ಎರಡು ವರ್ಷದ ಕೊಟೇಷನ್, ಇನ್ವಾಯ್ಸ್ ಎಲ್ಲಾ ಹರಡಿ ನೋಡಿದೆವು. ಏರಿದ 12 ರೂಪಾಯಿಯಲ್ಲಿ ದಾಣಾದ ಯೂರೊ ಬೆಲೆಯದ್ದು 4. 2022, 2023ರ ಬೇಸಿಗೆಗಳಲ್ಲಿ ಹಸಿ ಕಾರ್ಕ್ ದುಬಾರಿಯಾಗಿತ್ತು. ಪೇರಿಸಿ, ಒಣಗಿಸಿ, ಅರೆದು ನಮ್ಮ ಹತ್ತಿರ ಬರುವಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ. ಅಲ್ಲಿ ಬೇಸಿಗೆಯಲ್ಲಿ ಆದದ್ದು ಇಲ್ಲಿ ಮರುವರ್ಷ ಕಾಣುತ್ತದೆ.

ಇನ್ನೊಂದು 4 ಯೂರೊದ್ದೇ. 2023ರಲ್ಲಿ 90ರ ಆಸುಪಾಸಿನಲ್ಲಿದ್ದ ಯೂರೊ 2025ರ ದ್ವಿತೀಯಾರ್ಧದಲ್ಲಿ 100 ರೂಪಾಯಿ ದಾಟಿತು. ಮಾಲು ಅದೇ, ಮಾರುವವ ಅದೇ, ಬೆಲೆ ಮಾತ್ರ ನೂರಕ್ಕೆ ಹನ್ನೆರಡು ಹದಿಮೂರು ಜಾಸ್ತಿ. ಇದಕ್ಕೆ ಮರವೂ ಕಾರಣವಲ್ಲ, ವೈನೂ ಅಲ್ಲ.

ಹಡಗಿನ ಬಾಡಿಗೆ 2. ಇಲ್ಲಿ ಕಾರ್ಕ್‌ಗೆ ತನ್ನದೇ ಒಂದು ತೊಂದರೆ ಇದೆ. ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಬರೀ ಗಾಳಿ. ಒಂದು ಘನ ಸೆಂಟಿಮೀಟರ್‌ನಲ್ಲಿ ಸುಮಾರು 4 ಕೋಟಿ ಮುಚ್ಚಿದ ಕೋಶಗಳಿವೆ ಅಂತ ಹೇಳುತ್ತಾರೆ. ಹಗುರವಾದ ದಾಣಾ ಘನ ಮೀಟರಿಗೆ 70 ಕಿಲೋ ತೂಗುತ್ತದೆ ಅಂದುಕೊಳ್ಳಿ. 40 ಅಡಿ ಕಂಟೇನರ್‌ನಲ್ಲಿ ಚೀಲ ತುರುಕಿದರೂ 70 ಘನ ಮೀಟರ್ ಹಿಡಿಯುವುದು ಕಷ್ಟ. ಅಂದರೆ 5 ಟನ್‌ಗೂ ಕಮ್ಮಿ. ಅದೇ ಕಂಟೇನರ್‌ನಲ್ಲಿ ರಬ್ಬರ್ ತಂದರೆ 25 ಟನ್ ಬರುತ್ತದೆ. ಬಾಡಿಗೆ ಇಬ್ಬರಿಗೂ ಒಂದೇ. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಬಹಳಷ್ಟು ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಬರತೊಡಗಿದವು. ಬಾಡಿಗೆ ಏರಿದಾಗ ರಬ್ಬರ್‌ನವನಿಗೆ ಕಿಲೋಗೆ ಒಂದು ರೂಪಾಯಿ ಬಿಸಿ ತಟ್ಟಿದರೆ ಕಾರ್ಕ್‌ನವನಿಗೆ ಐದು.

ಉಳಿದ 2 ಸುಂಕ ಮತ್ತು ವ್ಯಾಪಾರಿಯ ಲಾಭ. ಸುಂಕ ಹಾಕುವುದು ಹಡಗಿನ ಬಾಡಿಗೆ, ವಿಮೆ ಎಲ್ಲಾ ಸೇರಿದ ಬೆಲೆಯ ಮೇಲೆ. ಕೆಳಗಿನದ್ದು ಏರಿದರೆ ಅದು ತಾನಾಗಿಯೇ ಏರುತ್ತದೆ. ವ್ಯಾಪಾರಿಯೂ ಶೇಕಡಾ ಲೆಕ್ಕದಲ್ಲೇ ತನ್ನದು ಇಟ್ಟುಕೊಳ್ಳುತ್ತಾರೆ. ಟೋಪಿ ಏನೂ ಇಲ್ಲ ಅಂತ ಕಾಕಾಗೆ ತೋರಿಸಿದೆ. ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ ಅನ್ನಿ.

ಅಗ್ಗದ ಮಾಲಿನ ಆಸೆ

ವ್ಯಾಪಾರಿ ಒಂದು ದಾರಿ ತೋರಿಸಿದರು. ಉತ್ತರ ಆಫ್ರಿಕಾದ ದಾಣಾ, ಕಿಲೋಗೆ ನೂರಕ್ಕೆ ಇಪ್ಪತ್ತು ಕಡಿಮೆ. ಕಾಕಾ ಖುಷಿಯಾದರು. ಸ್ಯಾಂಪಲ್ ಚೀಲ ಬಂತು. ಅಣ್ಣನ ಮಗ ಅದನ್ನು ಒಂದು ಡಬ್ಬಿಗೆ ತುಂಬಿ ತೂಕ ಮಾಡಿದ. ಇಡೀ ಪ್ರಕರಣದಲ್ಲಿ ನನಗೆ ಮೆಚ್ಚುಗೆಯಾದ ಕೆಲಸ ಅದು. ಹಳೆಯ ದಾಣಾ ಘನ ಮೀಟರಿಗೆ 70 ಕಿಲೋ ಇದ್ದರೆ ಇದು 100ರ ಹತ್ತಿರ. ಹೊರತೊಗಟೆಯ ಗಟ್ಟಿ ಚೂರು ಜಾಸ್ತಿ ಸೇರಿತ್ತು.

ಕಾರ್ಕ್ ಕೊಳ್ಳುವುದು ತೂಕದಲ್ಲಿ, ಖರ್ಚಾಗುವುದು ಗಾತ್ರದಲ್ಲಿ. ಅಚ್ಚು ತುಂಬಬೇಕು, ಅಷ್ಟೇ. ಕಿಲೋಗೆ 100 ರೂಪಾಯಿಯ ಹಗುರ ದಾಣಾದಿಂದ ಒಂದು ಘನ ಮೀಟರ್ ತುಂಬಲು 7,000 ರೂಪಾಯಿ. ಕಿಲೋಗೆ 80ರ ಭಾರದ ದಾಣಾದಿಂದ ಅಷ್ಟೇ ತುಂಬಲು 8,000. ಅಗ್ಗದ್ದೇ ತುಟ್ಟಿ.

ಅದನ್ನು ಬಿಟ್ಟರೂ ಗಟ್ಟಿ ಚೂರಿನ ಸಮಸ್ಯೆ ಇತ್ತು. ಟ್ರಾನ್ಸ್‌ಫಾರ್ಮರ್‌ಗೆ ಬರೀ ರಬ್ಬರ್ ಬಿಟ್ಟು ಕಾರ್ಕ್ ಸೇರಿಸುವುದು ಯಾಕೆ ಅಂದರೆ, ರಬ್ಬರ್ ಒತ್ತಿದರೆ ಕುಗ್ಗುವುದಿಲ್ಲ, ಪಕ್ಕಕ್ಕೆ ಉಬ್ಬುತ್ತದೆ. ಕಾರ್ಕ್ ಒತ್ತಿದರೆ ತನ್ನೊಳಗೇ ಕುಗ್ಗುತ್ತದೆ, ಪಕ್ಕಕ್ಕೆ ಹೋಗುವುದಿಲ್ಲ. ಎರಡನ್ನೂ ಬೆರೆಸಿದರೆ ಬೋಲ್ಟ್ ಬಿಗಿಸಿದಾಗ ಗ್ಯಾಸ್ಕೆಟ್ ಜಾಗ ಬಿಟ್ಟು ಹೊರಗೆ ಬರುವುದಿಲ್ಲ, ನೈಟ್ರೈಲ್ ಎಣ್ಣೆಯನ್ನೂ ತಡೆಯುತ್ತದೆ. ಗಟ್ಟಿ ಚೂರು ಇದ್ದ ಕಡೆ ಈ ಕುಗ್ಗುವಿಕೆ ಇರುವುದಿಲ್ಲ. ಗಿರಾಕಿಗಳು ಕೇಳುವುದು ಆರ್‌ಸಿ-70ಸಿ ದರ್ಜೆ, ಭಾರತೀಯ ಮಾನಕ ಐಎಸ್ 4253ರ ಎರಡನೇ ಭಾಗದ ಪ್ರಕಾರ. ಸ್ಯಾಂಪಲ್ ಶೀಟನ್ನು ಬಗ್ಗಿಸಿದಾಗಲೇ ಚೂರು ಇದ್ದಲ್ಲಿ ಬಿರುಕು ಬಿಟ್ಟಿತು. ಅಲ್ಲಿಗೆ ಆ ಮಾತು ಮುಗಿಯಿತು.

ಮೂರು ಕಾರ್ಖಾನೆ ಸೇರಿ ಒಂದು ಕಂಟೇನರ್ ಸೀದಾ ತರಿಸುವ ಮಾತೂ ಬಂತು. ಒಬ್ಬೊಬ್ಬರಿಗೆ ಬೇಕಾದ ಜರಡಿ ಅಳತೆ ಬೇರೆ ಬೇರೆ, ಮುಂಗಡ ದುಡ್ಡು ಕಟ್ಟಬೇಕು, ಗೋಡೌನ್ ಬೇಕು. ಎರಡು ಚಹಾದಲ್ಲಿ ಅದು ಬಿದ್ದುಹೋಯಿತು.

ಹಿಂದಿನ ಶೆಡ್ಡಿನ ರಾಶಿ

ನಿಜವಾದ ದುಡ್ಡು ಇದ್ದದ್ದು ಹಿಂದಿನ ಶೆಡ್ಡಿನಲ್ಲಿ. ಟ್ಯಾಂಕಿನ ಮೇಲಿನ ಮುಚ್ಚಳಕ್ಕೆ ಹಾಕುವ ಗ್ಯಾಸ್ಕೆಟ್ ಒಂದು ಆಯತದ ಚೌಕಟ್ಟು. ಹೊರ ಅಳತೆ 1,000 ಎಂಎಂಗೆ 500, ಪಟ್ಟಿಯ ಅಗಲ 40 ಅಂತ ಇಟ್ಟುಕೊಳ್ಳಿ. ಇಡೀ ಶೀಟಿನಿಂದ ಒಂದೇ ತುಂಡಾಗಿ ಕತ್ತರಿಸಿದರೆ ಚೌಕಟ್ಟಿಗೆ ಹೋಗುವುದು ಶೀಟಿನ ಶೇ 23 ಮಾತ್ರ. ಉಳಿದ ಶೇ 77 ಹೊಟ್ಟೆ, ಅಂದರೆ ಚೌಕಟ್ಟಿನ ನಡುವಿನಿಂದ ಬೀಳುವ ತುಂಡು. ಪೋರ್ಚುಗಲ್‌ನ ಬಿರಡೆ ಕಾರ್ಖಾನೆಯಲ್ಲಿ ಕಾಲು ಭಾಗ ಬಿರಡೆ, ಇಲ್ಲೂ ಕಾಲು ಭಾಗವೂ ಇಲ್ಲದ ಚೌಕಟ್ಟು. ವ್ಯತ್ಯಾಸ ಏನೆಂದರೆ ಅವರು ಉಳಿದದ್ದನ್ನು ಅರೆದು ಮತ್ತೆ ಮಾರುತ್ತಾರೆ. ಇಲ್ಲಿ ರಬ್ಬರ್ ಒಮ್ಮೆ ಬೆಂದ ಮೇಲೆ ಅರೆದರೂ ಟ್ರಾನ್ಸ್‌ಫಾರ್ಮರ್ ದರ್ಜೆಗೆ ಬರುವುದಿಲ್ಲ.

ಆ ಹೊಟ್ಟೆಯಿಂದ ಬುಶಿಂಗ್ ವಾಷರ್, ಇನ್ಸ್‌ಪೆಕ್ಷನ್ ಕವರ್‌ನ ಸಣ್ಣ ಗ್ಯಾಸ್ಕೆಟ್ ತೆಗೆಯುತ್ತಿದ್ದರು, ಇಲ್ಲ ಅಂತಲ್ಲ. ಆದರೆ ದೊಡ್ಡದು 6 ಎಂಎಂ ದಪ್ಪ, ಸಣ್ಣವು ಹೆಚ್ಚಾಗಿ 3 ಎಂಎಂ. ಬ್ಯಾಂಡ್ ನೈಫ್ ಅನ್ನುವ ಸೀಳುವ ಮಷಿನ್‌ನಲ್ಲಿ ಸೀಳಿದರೆ ಎರಡೂ ಸರಿಯಾಗಿ 3 ಬರುವುದಿಲ್ಲ. ಕಲಬುರಗಿಯ ಪ್ರೆಸ್ ಆಪರೇಟರ್ ಇದನ್ನು ಬಹಳ ಹಿಂದೆಯೇ ಹೇಳಿದ್ದರಂತೆ, ಯಾರೂ ಲೆಕ್ಕ ಹಾಕಿರಲಿಲ್ಲ. ಒಟ್ಟಾರೆ ಶೀಟಿನಲ್ಲಿ ಶೇ 60ರಷ್ಟು ಮಾತ್ರ ಬಿಲ್ಲಿಗೆ ಹೋಗುತ್ತಿತ್ತು. ಕಾರ್ಕ್ ಅಗ್ಗವಿದ್ದಾಗ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಬೀಳಬೇಕಾದ ಕಾರಣವೂ ಇರಲಿಲ್ಲ.

ದಾರಿ ಹೊಸದೇನಲ್ಲ. ಚೌಕಟ್ಟನ್ನು ನಾಲ್ಕು ಪಟ್ಟಿಯಾಗಿ ಕತ್ತರಿಸಿ ಮೂಲೆಗಳಲ್ಲಿ ಡವ್‌ಟೇಲ್ ಜೋಡಣೆ (ಒಂದರ ತುದಿ ಇನ್ನೊಂದರ ಕಚ್ಚಿನಲ್ಲಿ ಸಿಕ್ಕಿಕೊಳ್ಳುವ ಹಾಗೆ) ಮಾಡುವುದು. ಪಟ್ಟಿಗಳನ್ನು ಶೀಟಿನಲ್ಲಿ ಒಂದರ ಪಕ್ಕ ಒಂದು ಹಾಕಿದರೆ ಹೊಟ್ಟೆಯೇ ಇರುವುದಿಲ್ಲ. ತೊಂದರೆ ಇದ್ದದ್ದು ಗಿರಾಕಿಯ ಡ್ರಾಯಿಂಗ್‌ನಲ್ಲಿ. 'ಜಾಯಿಂಟ್ ಇಲ್ಲದ ಒಂದೇ ತುಂಡು' ಅಂತ ಅದರಲ್ಲಿ ಬರೆದಿತ್ತು. ಯಾಕೆ ಅಂತ ಕೇಳಿದರೆ ಅವರ ಡಿಸೈನ್ ವಿಭಾಗದಲ್ಲೂ ಯಾರಿಗೂ ನೆನಪಿರಲಿಲ್ಲ, ಹಳೆಯ ಡ್ರಾಯಿಂಗ್. ಎರಡು ಟ್ಯಾಂಕಿಗೆ ಡವ್‌ಟೇಲ್ ಗ್ಯಾಸ್ಕೆಟ್ ಹಾಕಿ, ಎಣ್ಣೆ ತುಂಬಿ, ಒತ್ತಡ ಕೊಟ್ಟು ಸೋರಿಕೆ ಪರೀಕ್ಷೆ ಮಾಡಿದರು. ಸೋರಲಿಲ್ಲ. ದೊಡ್ಡ ಅಳತೆಗಳಿಗೆ ಒಪ್ಪಿಗೆ ಸಿಕ್ಕಿತು. ಸಣ್ಣ ಅಳತೆಗಳಿಗೆ ಹಳೆಯ ಡ್ರಾಯಿಂಗೇ ಇದೆ.

ಲೆಕ್ಕ ಏನಾಯಿತು? ಬಳಕೆ ಶೇ 60ರಿಂದ 70ಕ್ಕೆ ಬಂತು. ಕಾರ್ಕ್, ರಬ್ಬರ್, ಕೆಮಿಕಲ್ ಸೇರಿ ಪ್ರತಿ ಸೆಟ್‌ಗೆ 92 ಆಗುತ್ತಿದ್ದದ್ದು 79ಕ್ಕೆ ಇಳಿಯಿತು. ಡವ್‌ಟೇಲ್ ಕತ್ತರಿಸುವುದಕ್ಕೆ ಹೊಸ ಡೈ, ಹೆಚ್ಚಿನ ಕೈಕೆಲಸ ಬೇಕಾಗಿ 20 ಇದ್ದ ಕೂಲಿ ಖರ್ಚು 24 ಆಯಿತು. ಒಟ್ಟು 103. ಮಾರಾಟ ಅದೇ 110. ಎರಡು ರೂಪಾಯಿ ನಷ್ಟ ಇದ್ದದ್ದು 7 ಲಾಭಕ್ಕೆ ಬಂತು. ಮೊದಲಿನ 10 ಇಲ್ಲ. ಗಮನಿಸಿ, ಉಳಿದದ್ದು ಕಾರ್ಕ್ ಅಷ್ಟೇ ಅಲ್ಲ, ಅದರ ಜೊತೆ ಕಸಕ್ಕೆ ಹೋಗುತ್ತಿದ್ದ ರಬ್ಬರ್ ಕೂಡ. ಕಾರ್ಕ್ ಏರಿದ್ದಕ್ಕೆ ಹುಡುಕಲು ಹೋಗಿ ರಬ್ಬರ್‌ನಲ್ಲೂ ಐದು ರೂಪಾಯಿಗಿಂತ ಜಾಸ್ತಿ ಸಿಕ್ಕಿತು.

ರೇಟಿನ ಮಾತುಕತೆ ಆಮೇಲೆ ಮಾಡಿದೆವು. ಮೊದಲು ಮಾಡಿದ್ದರೆ ಸಾಹೇಬರು ಹಿಂದಿನ ಶೆಡ್ಡು ತೋರಿಸಿ ಅಂತಿದ್ದರು. ಕಾರ್ಕ್ ದಾಣಾದ ಬೆಲೆಗೆ ಸೂಚ್ಯಂಕ ಅಂತ ಒಂದು ನಂಬುವಂಥದ್ದು ಇಲ್ಲಿ ಸಿಗುವುದಿಲ್ಲ, ಹಾಗಾಗಿ ಅದನ್ನು ಕೇಳಲಿಲ್ಲ. ಯೂರೊ ದರ ಎಲ್ಲರಿಗೂ ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ಯೂರೊ ಶೇ 5ಕ್ಕಿಂತ ಜಾಸ್ತಿ ಏರಿದರೆ ಅಥವಾ ಇಳಿದರೆ ಕಾರ್ಕ್ ಪಾಲಿನ ಮೇಲೆ ಮಾತ್ರ ಹೊಂದಾಣಿಕೆ ಅಂತ ಕೇಳಿದೆವು. ಒಪ್ಪಿದರು. ಇಳಿದರೆ ಅವರಿಗೂ ಲಾಭ ತಾನೇ. ಹಡಗಿನ ಬಾಡಿಗೆಗೆ ಒಪ್ಪಲಿಲ್ಲ.

ಉಳಿದಿರುವ ಪ್ರಶ್ನೆ ದೊಡ್ಡದು. ಹೊಸ ಡಿಸೈನ್‌ಗಳಲ್ಲಿ ಫ್ಲ್ಯಾಂಜ್‌ಗೆ (ಮುಚ್ಚಳ ಬೋಲ್ಟ್ ಮಾಡುವ ಅಂಚಿಗೆ) ತೋಡು ಕೊರೆದು ನೈಟ್ರೈಲ್ ರಬ್ಬರಿನ ಉಂಗುರ, ಅಂದರೆ ಓ-ರಿಂಗ್, ಕೂರಿಸುವುದು ಹೆಚ್ಚುತ್ತಿದೆ. ಅದಕ್ಕೆ ಕಾರ್ಕ್ ಬೇಡವೇ ಬೇಡ. ಅಣ್ಣನ ಮಗ ಎರಡು ಮೌಲ್ಡಿಂಗ್ ಪ್ರೆಸ್‌ಗೆ ಕೊಟೇಷನ್ ತರಿಸಿದ್ದ. ಕಾಕಾ ಕೇಳಿದ್ದು, "ತಮ್ಮಾ, ಕಂಬದ ಮ್ಯಾಲ ಈಗ ಕುಂತಾವಲ್ಲ ಹಳೇ ಟ್ರಾನ್ಸ್‌ಫಾರ್ಮರ್, ಅವು ರಿಪೇರಿಗೆ ಬಂದಾಗ ಏನ್ ಹಾಕ್ತಾರ?" ಕಾರ್ಕ್ ಶೀಟೇ ಹಾಕುತ್ತಾರೆ, ಫ್ಲ್ಯಾಂಜ್ ಬದಲಿಸುವುದಿಲ್ಲ. ರಿಪೇರಿ ವರ್ಕ್‌ಶಾಪ್‌ಗಳ ಆರ್ಡರ್ ಸಣ್ಣದು, ಆದರೆ ಅಲ್ಲಿ ವರ್ಷದ ರೇಟು ಅಂತ ಇಲ್ಲ, ಆ ದಿನದ ಬೆಲೆ ಸಿಗುತ್ತದೆ. ಒಂದು ಪ್ರೆಸ್ ತೆಗೆದುಕೊಳ್ಳುವುದು, ಇನ್ನೊಂದನ್ನು ಮುಂದಿನ ಮಾರ್ಚ್‌ನ ಲೆಕ್ಕ ನೋಡಿ ಹೇಳುವುದು ಅಂತ ಆಯಿತು. ದಾಣಾ ಮೂರು ತಿಂಗಳದ್ದಷ್ಟೇ ಸ್ಟಾಕ್ ಇಡುತ್ತಾರೆ, ಮೊದಲಿನ ಹಾಗೆ ವರ್ಷದ್ದಲ್ಲ.